ಒಂದು ಸೆಂಟಿಮೀಟರ್‌ಗೆ ಎಂಟು ವರ್ಷ

ಹೈದರಾಬಾದ್, 2012ರ ಜೂನ್ 23. ರಾಷ್ಟ್ರೀಯ ಅಂತರರಾಜ್ಯ ಅಥ್ಲೆಟಿಕ್ ಕೂಟ. ಎತ್ತರ ಜಿಗಿತದ ಎರಡು ಕಂಬಗಳ ನಡುವಿನ ಅಡ್ಡಪಟ್ಟಿ 1.92 ಮೀಟರ್‌ಗೆ ಏರಿತ್ತು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಆರು ಅಡಿ ಮೂರೂವರೆ ಇಂಚು. ನಮ್ಮ ಕಡೆಯ ಸಾಧಾರಣ ಎತ್ತರದ ಗಂಡಸೊಬ್ಬ ತಲೆಗೆ ಪೇಟ ಸುತ್ತಿಕೊಂಡೇ ಅದರ ಕೆಳಗೆ ನಡೆದುಹೋಗಬಹುದು. ಅದರ ಮೇಲಿಂದ ಹಾರಬೇಕಾಗಿದ್ದವರು ಕರ್ನಾಟಕದ ಕರಾವಳಿಯ ಸಹನಾ ಕುಮಾರಿ. ವಯಸ್ಸು 30. ಮನೆಯಲ್ಲಿ ಪುಟ್ಟ ಮಗಳು.

ಪಟ್ಟಿ ಬೀಳಲಿಲ್ಲ. ಆ ಒಂದು ಜಿಗಿತದಿಂದ ಎರಡು ಕೆಲಸಗಳು ಒಟ್ಟಿಗೇ ಆದವು. ಕೇರಳದ ಬಾಬಿ ಅಲೋಷಿಯಸ್ 2004ರಲ್ಲಿ ಚೆನ್ನೈಯಲ್ಲಿ ಬರೆದಿದ್ದ 1.91 ಮೀಟರ್‌ಗಳ ರಾಷ್ಟ್ರೀಯ ದಾಖಲೆ ಅಳಿಯಿತು. ಜೊತೆಗೆ ಲಂಡನ್ ಒಲಿಂಪಿಕ್ಸ್‌ಗೆ ನಿಗದಿಯಾಗಿದ್ದ 'ಬಿ' ದರ್ಜೆಯ ಅರ್ಹತಾ ಮಟ್ಟವೂ ಸರಿಯಾಗಿ 1.92 ಮೀಟರ್ ಆಗಿದ್ದರಿಂದ ಲಂಡನ್ನಿನ ಬಾಗಿಲೂ ತೆರೆಯಿತು.

ಹಳೆಯ ದಾಖಲೆಗೂ ಹೊಸ ದಾಖಲೆಗೂ ಇದ್ದ ಅಂತರ ಒಂದೇ ಸೆಂಟಿಮೀಟರ್. ಕಿರುಬೆರಳಿನ ಉಗುರಿನಷ್ಟು ಅಗಲ. ಆ ಉಗುರಿನಗಲದ ಏರಿಕೆಗೆ ಭಾರತದ ಮಹಿಳಾ ಅಥ್ಲೆಟಿಕ್ಸ್ ಎಂಟು ವರ್ಷ ಕಾದಿತ್ತು. ಅದರ ಮೇಲಿನ ಇನ್ನೊಂದು ಸೆಂಟಿಮೀಟರ್‌ಗೆ 2025ರ ಕೂಟಗಳು ಮುಗಿಯುವ ಹೊತ್ತಿಗೂ ಕಾಯುತ್ತಲೇ ಇತ್ತು.

ಓಟದ ದಾಖಲೆಗಳು ಬೀಳುತ್ತವೆ, ಎಸೆತದ ದಾಖಲೆಗಳು ಬೀಳುತ್ತವೆ. ಎತ್ತರ ಜಿಗಿತದ ಪಟ್ಟಿ ಮಾತ್ರ ಯಾಕಿಷ್ಟು ನಿಧಾನವಾಗಿ ಏರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಸಹನಾ ಅವರ ಕ್ರೀಡಾ ಬದುಕಿನ ಜೊತೆಗೆ ಇನ್ನೊಂದು ವಿಷಯವನ್ನೂ ನೋಡಬೇಕಾಗುತ್ತದೆ. ಅದು ಜಿಗಿದವರು ಬಂದು ಬೀಳುವ ಜಾಗ.

ಮರಳ ಗುಂಡಿಯ ಪಾಠ

ಕೋಲಾರ ತಾಲ್ಲೂಕಿನ ಹುತ್ತೂರಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಯಾವುದೇ ಹೋಬಳಿಯಾಗಲಿ, ಹಳ್ಳಿಗಾಡಿನ ಶಾಲಾ ಕ್ರೀಡಾಕೂಟ ನೋಡಿದವರಿಗೆ ಹೈಜಂಪ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಎರಡು ಕಂಬ, ನಡುವೆ ಒಂದು ಬಿದಿರ ಗಳ, ಆಚೆಗೆ ಅಗೆದು ಮರಳು ತುಂಬಿದ ಗುಂಡಿ. ಪಿ.ಟಿ. ಮೇಷ್ಟ್ರು ಸೀಟಿ ಊದಿದರೆ ಹುಡುಗ ಪಕ್ಕದಿಂದ ಓಡಿ ಬಂದು ಒಂದು ಕಾಲನ್ನು ಎತ್ತಿ ದಾಟಿಸುತ್ತಾನೆ, ಹಿಂದೆಯೇ ಇನ್ನೊಂದು ಕಾಲು ಬರುತ್ತದೆ, ಮರಳಿನಲ್ಲಿ ನಿಂತುಕೊಳ್ಳುತ್ತಾನೆ. ಕತ್ತರಿಯ ಎರಡು ಅಲಗುಗಳು ಆಡಿದಂತೆ ಕಾಲು ಆಡುವುದರಿಂದ ಇದಕ್ಕೆ ಕತ್ತರಿ ಜಿಗಿತ ಎಂದೇ ಹೆಸರು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಹೋಗಬೇಕು. ಏಣಿಯ ಮೆಟ್ಟಿಲುಗಳು ಹೀಗೆ.

ನಿಯಮಗಳೂ ಸರಳ. ಒಂದೇ ಕಾಲಿನಿಂದ ಚಿಮ್ಮಬೇಕು. ಎರಡೂ ಕಾಲು ಕೂಡಿಸಿ ಹಾರುವಂತಿಲ್ಲ. ಪಟ್ಟಿ ಅಲುಗಾಡಿದರೂ ಚಿಂತೆಯಿಲ್ಲ, ಬೀಳಬಾರದು ಅಷ್ಟೆ. ಸತತವಾಗಿ ಮೂರು ಸಲ ವಿಫಲರಾದವರು ಹೊರಗೆ. ಯಾವ ಎತ್ತರದಿಂದ ಶುರು ಮಾಡಬೇಕು, ನಡುವೆ ಯಾವ ಎತ್ತರ ಬಿಡಬೇಕು ಎಂಬುದು ಜಿಗಿಯುವವರ ಇಷ್ಟ. ಇಬ್ಬರು ಒಂದೇ ಎತ್ತರದಲ್ಲಿ ನಿಂತರೆ ಆ ಎತ್ತರದಲ್ಲಿ ಯಾರು ಕಡಿಮೆ ಸಲ ಪಟ್ಟಿ ಬೀಳಿಸಿದ್ದಾರೆ ಎಂದು ಲೆಕ್ಕ ಹಾಕುತ್ತಾರೆ.

ಹೀಗಾಗಿ ಈ ಸ್ಪರ್ಧೆಯಲ್ಲಿ ಒಂದು ವಿಚಿತ್ರವಿದೆ. ಓಟದಲ್ಲಿ ಗೆದ್ದವರು ಗೆಲುವಿನೊಡನೆ ಓಟ ಮುಗಿಸುತ್ತಾರೆ. ಎತ್ತರ ಜಿಗಿತದಲ್ಲಿ ಎಲ್ಲರೂ ಸೋತ ಮೇಲೂ ಗೆದ್ದವರ ಮುಂದೆ ಪಟ್ಟಿ ಇನ್ನೂ ಮೇಲೇರುತ್ತದೆ. ಅವರಾಗಿಯೇ ಸಾಕೆಂದು ನಿಲ್ಲಿಸದಿದ್ದರೆ ಚಿನ್ನದ ಪದಕ ಕೊರಳಿಗೆ ಬೀಳುವ ಮುನ್ನ ಅವರೂ ಮೂರು ಸಲ ಪಟ್ಟಿ ಬೀಳಿಸಿಯೇ ಎದ್ದು ಬರುತ್ತಾರೆ.

ಹಾರುವ ವಿದ್ಯೆ, ಬೀಳುವ ವಿದ್ಯೆ

ಆಧುನಿಕ ಒಲಿಂಪಿಕ್ಸ್ ಆರಂಭವಾದ 1896ರಲ್ಲೇ ಪುರುಷರ ಎತ್ತರ ಜಿಗಿತ ಇತ್ತು. ಅಮೆರಿಕದ ಎಲರಿ ಕ್ಲಾರ್ಕ್ 1.81 ಮೀಟರ್ ಹಾರಿ ಗೆದ್ದರು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 32 ವರ್ಷಗಳ ನಂತರ, 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಕೆನಡಾದ ಎಥೆಲ್ ಕ್ಯಾಥರ್‌ವುಡ್ 1.59 ಮೀಟರ್‌ಗೆ ಚಿನ್ನ ಪಡೆದರು. 1948ರಲ್ಲಿ ಲಂಡನ್ನಿನಲ್ಲಿ 1.68 ಮೀಟರ್ ಹಾರಿ ಗೆದ್ದ ಅಮೆರಿಕದ ಆಲಿಸ್ ಕೋಚ್‌ಮನ್ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಜನಾಂಗದ ಮಹಿಳೆ. ವರ್ಣಭೇದದ ಆ ಕಾಲದಲ್ಲಿ ಬಿಳಿಯರ ಮೈದಾನಗಳಿಗೆ ಪ್ರವೇಶವಿಲ್ಲದೆ ಆಕೆ ಬಾಲ್ಯದಲ್ಲಿ ಮಣ್ಣು ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ, ಕೋಲು ಮತ್ತು ಚಿಂದಿ ಬಟ್ಟೆ ಕಟ್ಟಿ ಅದರ ಮೇಲೆ ಹಾರಿ ಕಲಿತವರು.

ಈ ಎಲ್ಲ ಕಾಲದಲ್ಲೂ ಜಿಗಿದವರು ಬೀಳುತ್ತಿದ್ದುದು ಮರಳು ಅಥವಾ ಮರದ ಹೊಟ್ಟಿನ ಮೇಲೆ. ಕಾಲಿನ ಮೇಲೋ ಕೈಯೂರಿಯೋ ಇಳಿಯದೆ ಬೇರೆ ದಾರಿ ಇರಲಿಲ್ಲ. ಆ ಮಿತಿಯೊಳಗೇ ಕ್ರೀಡಾಪಟುಗಳು ಉಪಾಯ ಹುಡುಕಿದರು. ಕತ್ತರಿ ಜಿಗಿತದ ನಂತರ ದೇಹವನ್ನು ಪಕ್ಕಕ್ಕೆ ಹೊರಳಿಸುವ ವಿಧಾನ ಬಂತು. ಆಮೇಲೆ ಹೊಟ್ಟೆ ಕೆಳಗಾಗಿ ಪಟ್ಟಿಯನ್ನು ತಬ್ಬಿಕೊಂಡಂತೆ ಉರುಳುವ 'ಸ್ಟ್ರ್ಯಾಡಲ್' ಬಂತು. ಸೋವಿಯತ್ ಒಕ್ಕೂಟದ ವಲೇರಿ ಬ್ರೂಮೆಲ್ ಈ ವಿಧಾನದಲ್ಲೇ 1963ರಲ್ಲಿ 2.28 ಮೀಟರ್ ಹಾರಿ ವಿಶ್ವದಾಖಲೆ ಬರೆದರು.

ಆಗ ಬಂದವರು ಡಿಕ್ ಫಾಸ್‌ಬರಿ. ಅಮೆರಿಕದ ಆರೆಗಾನ್ ರಾಜ್ಯದ ಈ ಹುಡುಗನಿಗೆ ಸ್ಟ್ರ್ಯಾಡಲ್ ಒಗ್ಗಲಿಲ್ಲ. ಹಳೆಯ ಕತ್ತರಿ ಜಿಗಿತಕ್ಕೇ ಮರಳಿ, ಪಟ್ಟಿಯ ಮೇಲೆ ಬಂದಾಗ ಸೊಂಟ ಎತ್ತಿ ಬೆನ್ನು ಹಿಂದಕ್ಕೆ ಬಾಗಿಸುತ್ತಾ ಬಾಗಿಸುತ್ತಾ, ಕೊನೆಗೆ ಪಟ್ಟಿಗೆ ಬೆನ್ನು ಕೊಟ್ಟು, ತಲೆ ಮೊದಲಾಗಿ, ಆಕಾಶ ನೋಡುತ್ತಾ ಹಾರತೊಡಗಿದರು. ನೋಡಿದವರು ನಕ್ಕರು. ಆದರೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅವರು 2.24 ಮೀಟರ್ ಹಾರಿ ಚಿನ್ನ ಗೆದ್ದಾಗ ನಗು ನಿಂತಿತು. 1980ರ ಮಾಸ್ಕೊ ಒಲಿಂಪಿಕ್ಸ್ ಹೊತ್ತಿಗೆ ಪುರುಷರ ಫೈನಲ್‌ನಲ್ಲಿದ್ದ 16 ಮಂದಿಯಲ್ಲಿ 13 ಮಂದಿ 'ಫಾಸ್‌ಬರಿ ಫ್ಲಾಪ್' ಹಾರುವವರೇ.

ಅದೇ ಕಾಲದಲ್ಲಿ, ಫಾಸ್‌ಬರಿಯ ಸುದ್ದಿಯೇ ಗೊತ್ತಿಲ್ಲದೆ, ಕೆನಡಾದ ಡೆಬಿ ಬ್ರಿಲ್ ಎಂಬ ಬಾಲಕಿಯೂ ಬೆನ್ನು ಕೊಟ್ಟು ಹಾರುವುದನ್ನು ತಾನಾಗಿಯೇ ಕಲಿತಿದ್ದಳು. ದೂರದೂರದ ಇಬ್ಬರಿಗೆ ಒಂದೇ ಕಾಲಕ್ಕೆ ಒಂದೇ ಉಪಾಯ ಹೊಳೆದದ್ದು ಹೇಗೆ? ಉತ್ತರ ಅವರು ಬೀಳುತ್ತಿದ್ದ ಜಾಗದಲ್ಲಿದೆ. ಮರಳು ಹೋಗಿ ಮೆತ್ತನೆಯ ಫೋಮ್ ಬರತೊಡಗಿದ್ದ ಕಾಲ ಅದು. ಬ್ರಿಲ್‌ಗೆ ಆಕೆಯ ತಂದೆಯೇ ಫೋಮ್ ತುಂಡುಗಳನ್ನು ಸೇರಿಸಿ ಹಾಸು ಮಾಡಿಕೊಟ್ಟಿದ್ದರು. ಬೆನ್ನು, ಕುತ್ತಿಗೆಯ ಮೇಲೆ ಬಿದ್ದರೂ ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆಯೇ ಬೆನ್ನು ಕೊಟ್ಟು ಹಾರುವ ಧೈರ್ಯ ಮನುಷ್ಯನಿಗೆ ಬಂದದ್ದು. ಮೇಲೆ ಏರುವ ವಿದ್ಯೆ ಬದಲಾದದ್ದು ಕೆಳಗಿನ ಹಾಸು ಬದಲಾದ್ದರಿಂದ.

ಅದಕ್ಕೇ ಮರಳ ಗುಂಡಿಯ ಮುಂದೆ ನಿಂತ ನಮ್ಮ ಪಿ.ಟಿ. ಮೇಷ್ಟ್ರು, ಟಿ.ವಿ.ಯಲ್ಲಿ ನೋಡಿದ್ದನ್ನು ಅನುಕರಿಸಲು ಹೊರಟ ಹುಡುಗನನ್ನು ಗದರಿಸಿ ತಡೆಯುವುದು. ಅವರು ತಡೆಯುವುದೇ ಸರಿ. ಮರಳಿನ ಮೇಲೆ ಬೆನ್ನು ಕೊಟ್ಟು ಬಿದ್ದರೆ ಕತ್ತು ಮುರಿಯುತ್ತದೆ.

ಲೆಕ್ಕ ಏನು ಹೇಳುತ್ತದೆ?

ಬೆನ್ನು ಕೊಟ್ಟು ಹಾರಿದರೆ ಆಗುವ ಲಾಭವಾದರೂ ಏನು? ಪ್ರತಿಯೊಬ್ಬರ ದೇಹಕ್ಕೂ ಒಂದು ಗುರುತ್ವ ಕೇಂದ್ರವಿರುತ್ತದೆ. ನಿಂತಿರುವಾಗ ಅದು ಹೊಕ್ಕುಳ ಆಸುಪಾಸಿನಲ್ಲಿರುತ್ತದೆ. ಜಿಗಿತ ಎಂದರೆ ಈ ಬಿಂದುವನ್ನು ಮೇಲೆತ್ತುವುದೇ. ಕತ್ತರಿ ಜಿಗಿತದಲ್ಲಿ ಮುಂಡ ನೆಟ್ಟಗಿರುವುದರಿಂದ ಪಟ್ಟಿ ದಾಟಲು ಈ ಬಿಂದು ಪಟ್ಟಿಗಿಂತ ಸುಮಾರು ಒಂದು ಅಡಿ ಮೇಲೆ ಹೋಗಬೇಕು. ಅಷ್ಟು ಶ್ರಮ ದಂಡ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿದಾಗ ತಲೆ, ಭುಜ, ಸೊಂಟ, ಕಾಲು ಒಂದಾದ ಮೇಲೊಂದು ಪಟ್ಟಿ ದಾಟುತ್ತವೆ. ಒಂದು ಭಾಗ ಮೇಲಿರುವಾಗ ಉಳಿದ ಭಾಗಗಳು ಪಟ್ಟಿಯ ಆಚೀಚೆ ಕೆಳಗೇ ಜೋತಿರುತ್ತವೆ. ಇಡೀ ದೇಹ ಪಟ್ಟಿಯ ಮೇಲಿಂದ ದಾಟಿದರೂ ಗುರುತ್ವ ಕೇಂದ್ರ ಪಟ್ಟಿಯ ಮಟ್ಟದಲ್ಲೇ, ಕೆಲವೊಮ್ಮೆ ಅದಕ್ಕಿಂತ ತುಸು ಕೆಳಗೇ ಹಾದುಹೋಗುವುದುಂಟು!

ಓಟದಲ್ಲೂ ಒಂದು ಗುಟ್ಟಿದೆ. ಮೊದಲ ಕೆಲವು ಹೆಜ್ಜೆ ನೇರ, ಕೊನೆಯ ನಾಲ್ಕೈದು ಹೆಜ್ಜೆ ಕೊಡಲಿಯ ಬಾಯಿಯಂತೆ ಬಾಗಿದ ದಾರಿ. ತಿರುವಿನಲ್ಲಿ ಸೈಕಲ್ ಸವಾರ ಒಳಕ್ಕೆ ವಾಲುವಂತೆ ಜಿಗಿತಗಾರ್ತಿಯೂ ವಾಲುತ್ತಾರೆ. ಚಿಮ್ಮುವ ಕ್ಷಣದಲ್ಲಿ ಆ ವಾಲಿದ ದೇಹ ನೆಟ್ಟಗಾಗುತ್ತದೆ. ಮೇಲೇರಿದ ಮೇಲೆ ಪಟ್ಟಿಯ ಸುತ್ತ ಹೊರಳಲು ಬೇಕಾದ ತಿರುಗು ಅಲ್ಲಿಂದಲೇ ಸಿಗುತ್ತದೆ. ಉತ್ತಮ ದರ್ಜೆಯ ಜಿಗಿತಗಾರ್ತಿಯರು ಸೆಕೆಂಡಿಗೆ ಸುಮಾರು ಏಳು ಮೀಟರ್ ವೇಗದಲ್ಲಿ ಬರುತ್ತಾರೆ. ಕೊನೆಯ ಹೆಜ್ಜೆಯ ಪಾದ ನೆಲದ ಮೇಲಿರುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣು ಮಿಟುಕಿಸುವಷ್ಟರೊಳಗೆ ಮುಂದಕ್ಕೆ ಓಡುತ್ತಿದ್ದ ವೇಗವನ್ನು ಮೇಲಕ್ಕೆ ತಿರುಗಿಸಬೇಕು. ಆಗ ಆ ಒಂದೇ ಕಾಲಿನ ಮೇಲೆ, ಮಣಿಗಂಟಿನ ಮೇಲೆ, ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಹೈಜಂಪ್‌ನವರ ಕಾಲಿಗೆ ಪೆಟ್ಟು ತಪ್ಪಿದ್ದಲ್ಲ ಎಂಬುದಕ್ಕೆ ಕಾರಣ ಇದು.

ಈಗ ಒಂದು ಚಿಕ್ಕ ಲೆಕ್ಕ. 1.75 ಮೀಟರ್ ಎತ್ತರದ ಹುಡುಗಿಯೊಬ್ಬಳು ತುದಿಗಾಲಲ್ಲಿ ಕೈಯೆತ್ತಿ ಚಿಮ್ಮುವಾಗ ಆಕೆಯ ಗುರುತ್ವ ಕೇಂದ್ರ ನೆಲದಿಂದ ಸುಮಾರು 1.22 ಮೀಟರ್ ಮೇಲಿರುತ್ತದೆ ಎಂದುಕೊಳ್ಳೋಣ. 1.92 ದಾಟಬೇಕಾದರೆ ಅದು ಇನ್ನೂ 70 ಸೆಂಟಿಮೀಟರ್ ಏರಬೇಕು. ಅದಕ್ಕೆ ಮೇಲ್ಮುಖವಾಗಿ ಸೆಕೆಂಡಿಗೆ ಸುಮಾರು 3.7 ಮೀಟರ್ ವೇಗ ಬೇಕು. ಇನ್ನೊಂದು ಸೆಂಟಿಮೀಟರ್ ಹೆಚ್ಚಿಗೆ ಏರಲು ಈ ವೇಗ ನೂರಕ್ಕೆ ಒಂದು ಪಾಲೂ ಹೆಚ್ಚಬೇಕಾಗಿಲ್ಲ. ಕಾಗದದ ಮೇಲೆ ಇದು ಏನೂ ಅಲ್ಲ.

ಆದರೆ ಈ ಏನೂ ಅಲ್ಲದ್ದನ್ನು ಪಡೆಯಲು ಓಟದ ಲಯ, ಕೊನೆಯ ಹೆಜ್ಜೆ ಬೀಳುವ ಜಾಗ, ಬೆನ್ನು ಬಾಗುವ ಕ್ಷಣ, ಕಾಲು ಎಳೆದುಕೊಳ್ಳುವ ಹೊತ್ತು ಎಲ್ಲವೂ ಒಂದೇ ಜಿಗಿತದಲ್ಲಿ ಕೂಡಿಬರಬೇಕು. ಹೆಜ್ಜೆ ಒಂದು ಗೇಣು ಆಚೀಚೆಯಾದರೂ ಪಟ್ಟಿ ಕೆಳಗೆ. ಇದನ್ನು ಸಾವಿರಾರು ಸಲ ಮಾಡಿ ಮೈಗೂಡಿಸಿಕೊಳ್ಳಬೇಕು. ಸಾವಿರಾರು ಸಲ ಹಾರುವುದೆಂದರೆ ಸಾವಿರಾರು ಸಲ ಬೀಳುವುದು. ಮೆತ್ತನೆಯ ಹಾಸು ಸಿಗುವುದು ಎಷ್ಟು ತಡವಾಗುತ್ತದೋ ಆ ಸಾವಿರದ ಲೆಕ್ಕ ಶುರುವಾಗುವುದೂ ಅಷ್ಟೇ ತಡ.

ಬಾಬಿಯಿಂದ ಸಹನಾವರೆಗೆ

ಭಾರತದ ಮಹಿಳೆಯರ ಎತ್ತರ ಜಿಗಿತವನ್ನು ಏಷ್ಯಾ ಮಟ್ಟಕ್ಕೆ ಒಯ್ದವರು ಬಾಬಿ ಅಲೋಷಿಯಸ್. 2000ದಲ್ಲಿ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ, 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 2004ರಲ್ಲಿ 1.91ರ ದಾಖಲೆ, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್. ಆಕೆ ನಿಂತ ಎತ್ತರವನ್ನು ಮುಟ್ಟುವವರು ಬಹುಕಾಲ ಬರಲಿಲ್ಲ.

ಸಹನಾ ಕುಮಾರಿ ಹುಟ್ಟಿದ್ದು 1982ರ ಮಾರ್ಚ್ 6ರಂದು. ಮಂಗಳೂರು ಕಡೆಯವರು. ಕ್ರೀಡಾ ದಾಖಲೆಗಳಲ್ಲಿ ಅವರ ಪೂರ್ತಿ ಹೆಸರು ಸಹನಾ ಕುಮಾರಿ ನಾಗರಾಜ್ ಗೊಬ್ಬರಗುಂಪಿ. ಕರಾವಳಿಯ ಹುಡುಗಿಗೆ ಉತ್ತರ ಕರ್ನಾಟಕದ ಅಡ್ಡಹೆಸರು ಬಂದದ್ದು ಮದುವೆಯಿಂದ. ಪತಿ ಬಿ.ಜಿ. ನಾಗರಾಜ್ 100 ಮೀಟರ್ ಓಟಗಾರ, ಒಂದು ಕಾಲಕ್ಕೆ ದೇಶದ ಅತಿ ವೇಗದ ಓಟಗಾರರಲ್ಲಿ ಒಬ್ಬರೆಂದು ಹೆಸರಾದವರು. ಮನೆಯೊಳಗೆ ಒಬ್ಬರು ನೆಲದ ಮೇಲಿನ ವೇಗಕ್ಕೆ, ಇನ್ನೊಬ್ಬರು ನೆಲ ಬಿಟ್ಟು ಏರುವುದಕ್ಕೆ.

ಸಹನಾ ಅವರ ದಾಖಲೆಯಲ್ಲಿ ನಿಜವಾಗಿ ಬೆರಗು ಹುಟ್ಟಿಸುವುದು ಅವರು ಅದನ್ನು ಬರೆದ ಹೊತ್ತು. ಎತ್ತರ ಜಿಗಿತದವರು ಇಪ್ಪತ್ತರ ಹರೆಯದಲ್ಲೇ ತಮ್ಮ ಅತ್ಯುತ್ತಮ ಎತ್ತರ ಮುಟ್ಟುವುದು ಸಾಮಾನ್ಯ. ಸಹನಾ ಅದನ್ನು ಮುಟ್ಟಿದ್ದು ಮೂವತ್ತು ತುಂಬಿದ ಮೇಲೆ, ಮದುವೆಯಾಗಿ, ಮಗಳನ್ನು ಹೆತ್ತ ನಂತರ. ಹೆರಿಗೆ ಎಂದರೆ ಹೆಣ್ಣುಮಕ್ಕಳ ಕ್ರೀಡೆಗೆ ಪೂರ್ಣವಿರಾಮ ಎಂದು ನಮ್ಮಲ್ಲಿ ಹೇಳದೆಯೇ ಒಪ್ಪಿಕೊಂಡ ಮಾತು. ಬಾಣಂತನ ಮುಗಿಸಿ ಮೈದಾನಕ್ಕೆ ಹೊರಡುವ ಸೊಸೆಗೆ ಮನೆಯಲ್ಲಿ ಏನು ಉತ್ತರ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ದೇಹದ ಮಟ್ಟಿಗೂ ಅದು ಸುಲಭದ ಮಾತಲ್ಲ. ಓಟಗಾರ್ತಿಗೆ ತೂಕ ತುಸು ಹೆಚ್ಚಾದರೆ ಸಮಯ ತುಸು ಹೆಚ್ಚಾಗುತ್ತದೆ. ಜಿಗಿತಗಾರ್ತಿ ಆ ತೂಕವನ್ನು ಒಂದೇ ಕಾಲಿನಿಂದ ಮೇಲೆತ್ತಬೇಕು. ಬಿಲ್ಲಿನಂತೆ ಬಾಗಬೇಕಾದ ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಬಸಿರಿನಲ್ಲಿ ಹಿಗ್ಗಿ ಸಡಿಲಗೊಂಡವು. ಅವನ್ನು ಮತ್ತೆ ಬಿಗಿಗೊಳಿಸಿ, ಕಳೆದುಕೊಂಡ ಲಯವನ್ನು ಮೊದಲಿನಿಂದ ಕಟ್ಟಬೇಕು.

ಆದರೂ ಅದು ಆಗದ ಮಾತಲ್ಲ ಎಂದು ಜಗತ್ತಿಗೆ ತೋರಿಸಿಕೊಟ್ಟವರಿದ್ದಾರೆ. ತಂದೆ ಮಾಡಿಕೊಟ್ಟ ಫೋಮ್ ಹಾಸಿನ ಮೇಲೆ ಕಲಿತ ಅದೇ ಡೆಬಿ ಬ್ರಿಲ್ 1982ರ ಜನವರಿಯಲ್ಲಿ, ಚೊಚ್ಚಲ ಮಗು ಹುಟ್ಟಿ ಐದು ತಿಂಗಳಾಗಿದ್ದಾಗ, 1.99 ಮೀಟರ್ ಹಾರಿ ಒಳಾಂಗಣದ ವಿಶ್ವದಾಖಲೆ ಬರೆದರು. ಆ ಮಾತಿಗೆ ಎರಡು ತಿಂಗಳಿಗೆ ಸಹನಾ ಹುಟ್ಟಿದರು. ಮೂವತ್ತು ವರ್ಷದ ನಂತರ ಹೈದರಾಬಾದಿನಲ್ಲಿ ಅವರೂ ತಾಯಿಯಾಗಿಯೇ ತಮ್ಮ ದೇಶದ ದಾಖಲೆ ಬರೆದರು.

ಲಂಡನ್ನಿನ ಹನ್ನೆರಡು ಸೆಂಟಿಮೀಟರ್

ಒಲಿಂಪಿಕ್ಸ್‌ನ ಅರ್ಹತೆಗೆ ಆಗ ಎರಡು ದರ್ಜೆಗಳಿದ್ದವು. ಲಂಡನ್‌ಗೆ ಮಹಿಳೆಯರ ಎತ್ತರ ಜಿಗಿತದ 'ಎ' ಮಟ್ಟ 1.95 ಮೀಟರ್, 'ಬಿ' ಮಟ್ಟ 1.92. 'ಎ' ಮುಟ್ಟಿದವರು ಯಾರೂ ಇಲ್ಲದ ದೇಶ 'ಬಿ' ಮುಟ್ಟಿದ ಒಬ್ಬರನ್ನು ಕಳಿಸಬಹುದಿತ್ತು. ಆ ದಾರಿಯಲ್ಲಿ ಸಹನಾ ಲಂಡನ್ ತಲುಪಿದರು. ಡಿಸ್ಕಸ್ ಎಸೆತದಲ್ಲಿ ಎಂಟನೆಯವರಾಗಿ ಬಂದ ಮೈಸೂರು ಮೂಲದ ವಿಕಾಸ್ ಗೌಡ ಕೂಡ ಅದೇ ಭಾರತ ತಂಡದಲ್ಲಿದ್ದರು.

ಆಗಸ್ಟ್ 9ರಂದು ಅರ್ಹತಾ ಸುತ್ತು ನಡೆಯಿತು. ಸಹನಾ 1.80 ಮೀಟರ್ ದಾಟಿದರು. ಮುಂದಿನ ಎತ್ತರವಾದ 1.85ರಲ್ಲಿ ಪಟ್ಟಿ ಬಿತ್ತು. ಫೈನಲ್ ಅವರಿಗೆ ಸಿಗಲಿಲ್ಲ. ತಮ್ಮದೇ ದಾಖಲೆಗಿಂತ 12 ಸೆಂಟಿಮೀಟರ್ ಕೆಳಗೆ ಅವರ ಒಲಿಂಪಿಕ್ಸ್ ಮುಗಿಯಿತು. ಎರಡು ದಿನಗಳ ನಂತರ ನಡೆದ ಫೈನಲ್‌ನಲ್ಲಿ ರಷ್ಯಾದ ಅನ್ನಾ ಚಿಚೆರೊವಾ 2.05 ಮೀಟರ್ ಹಾರಿ ಚಿನ್ನ ಗೆದ್ದರು.

ನಮ್ಮಲ್ಲಿ ಇಂಥ ಫಲಿತಾಂಶ ಬಂದಾಗ ಮರುದಿನ ಕೇಳಿಬರುವ ಮಾತು ಒಂದೇ: 'ಅಷ್ಟಕ್ಕೆ ಅಲ್ಲಿಗೆ ಹೋಗಬೇಕಿತ್ತೆ?' ಈ ಮಾತಿನಲ್ಲಿ ನ್ಯಾಯವಿಲ್ಲ. ವರ್ಷದುದ್ದಕ್ಕೂ 1.95, 2 ಮೀಟರ್ ಹಾರುವವರ ನಡುವೆ ಪೈಪೋಟಿ ಮಾಡಿದವರಿಗೆ 1.85 ಎಂಬುದು ಮೈ ಬೆಚ್ಚಗೆ ಮಾಡಿಕೊಳ್ಳುವ ಎತ್ತರ. ತಮ್ಮ ಜೀವಮಾನದ ಅತ್ಯುತ್ತಮ ಜಿಗಿತವನ್ನು ಜೂನ್ ಕೊನೆಯ ವಾರದಲ್ಲಿ, ಅರ್ಹತೆಗಾಗಿಯೇ ಖರ್ಚು ಮಾಡಿ ಬಂದವರಿಗೆ ಏಳು ವಾರಗಳೊಳಗೆ ಅದನ್ನು ಮತ್ತೊಮ್ಮೆ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಯೂರೋಪಿನ ಜಿಗಿತಗಾರ್ತಿಗೆ ದಾಖಲೆ ಎಂಬುದು ದಾರಿಯ ಒಂದು ಮೈಲಿಗಲ್ಲು. ನಮ್ಮವರಿಗೆ ಲಂಡನ್ನಿನ ಟಿಕೆಟ್ಟಿಗೇ ದೇಶದ ದಾಖಲೆ ಮುರಿಯಬೇಕಿತ್ತು.

ಆಮೇಲೆ ಬಂದವರು

ಜಗತ್ತಿನ ಪಟ್ಟಿಯೂ ವೇಗವಾಗಿ ಏರಿಲ್ಲ. ಪೂರ್ವ ಜರ್ಮನಿಯ ರೋಸ್‌ಮರಿ ಆಕರ್‌ಮನ್ 1977ರಲ್ಲಿ ಬರ್ಲಿನ್‌ನಲ್ಲಿ 2 ಮೀಟರ್ ದಾಟಿದ ಮೊದಲ ಮಹಿಳೆಯಾದರು. ಬಲ್ಗೇರಿಯಾದ ಸ್ಟೆಫ್ಕಾ ಕೊಸ್ತದಿನೊವಾ 1987ರಲ್ಲಿ ರೋಮ್‌ನಲ್ಲಿ 2.09 ಹಾರಿದರು. ಆ ದಾಖಲೆ ಮುರಿಯಲು 37 ವರ್ಷಗಳೇ ಬೇಕಾದವು. ಯುದ್ಧದ ನಡುವೆ ಊರು ಬಿಟ್ಟು ಹೊರಟ ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ 2024ರ ಜುಲೈ 7ರಂದು ಪ್ಯಾರಿಸ್‌ನಲ್ಲಿ 2.10 ಹಾರಿ ಅದನ್ನು ಮುರಿದರು. ಅಲ್ಲಿಯೂ ಅಂತರ ಒಂದೇ ಸೆಂಟಿಮೀಟರ್! ಪುರುಷರಲ್ಲಿ ಕ್ಯೂಬಾದ ಹಾವಿಯರ್ ಸೊಟೊಮೇಯರ್ 1993ರಲ್ಲಿ ಹಾರಿದ 2.45 ಮೀಟರ್ ಮೂವತ್ತು ವರ್ಷ ಕಳೆದರೂ ಅಲುಗಾಡಲಿಲ್ಲ.

ಭಾರತದ ಪುರುಷರಲ್ಲಿ ಚಲನೆ ಕಂಡಿತು. ತೇಜಸ್ವಿನ್ ಶಂಕರ್ 2018ರಲ್ಲಿ 2.29 ಮೀಟರ್ ಹಾರಿದರು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ತಂದರು. ಕಾಮನ್‌ವೆಲ್ತ್ ಕೂಟದ ಎತ್ತರ ಜಿಗಿತದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಕರ್ನಾಟಕದ ಬಿ. ಚೇತನ್ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ಹೋಗಿ ಬಂದರು.

ಮಹಿಳೆಯರಲ್ಲಿ ಆಸೆ ಹುಟ್ಟಿಸಿದವರು ಹರಿಯಾಣದ ಬೋಸ್ತಿ ಎಂಬ ಹಳ್ಳಿಯ ಪೂಜಾ ಸಿಂಗ್. ಗಾರೆ ಕೆಲಸದ ಮೇಸ್ತ್ರಿಯ ಮಗಳು. ಬಿದಿರ ಗಳವೇ ಪಟ್ಟಿ, ಹುಲ್ಲು ತುಂಬಿದ ಗೋಣಿಚೀಲಗಳೇ ಹಾಸು; ಆಕೆ ಕಲಿತದ್ದು ಹೀಗೆ. 2025ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, 1.89 ಮೀಟರ್ ಹಾರಿ ಚಿನ್ನ ಗೆದ್ದರು. 2000ದಲ್ಲಿ ಬಾಬಿ ಗೆದ್ದ ಮೇಲೆ ಈ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಸಹನಾ ಅವರ ದಾಖಲೆಗೆ ಆಗ ಉಳಿದಿದ್ದ ದೂರ ಮೂರು ಸೆಂಟಿಮೀಟರ್.

ಸಹನಾ ಅವರ ಮನೆಯಲ್ಲೂ ಕಥೆ ಮುಂದುವರಿದಿದೆ. ಹೈದರಾಬಾದಿನ ದಾಖಲೆಯ ದಿನ ಮನೆಯಲ್ಲಿದ್ದ ಆ ಪುಟ್ಟ ಮಗಳು ಪಾವನಾ ನಾಗರಾಜ್. ಮೊದಲು ತಾಯಿಯ ಹಾದಿಯಲ್ಲೇ ಎತ್ತರ ಜಿಗಿತಕ್ಕೆ ಬಂದು, ಆಮೇಲೆ ಉದ್ದ ಜಿಗಿತದ ಕಡೆಗೆ ತಿರುಗಿದರು. 2024ರಲ್ಲಿ ದುಬೈಯಲ್ಲಿ ನಡೆದ 20 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 6.32 ಮೀಟರ್ ಜಿಗಿದು ಚಿನ್ನ ಗೆದ್ದರು. ಅಪ್ಪನ ವೇಗವೂ ಅಮ್ಮನ ಚಿಮ್ಮುವಿಕೆಯೂ ಕೂಡಿದರೆ ಉದ್ದ ಜಿಗಿತವಾಗುತ್ತದೆ ಎಂದು ಬಲ್ಲವರು ಹೇಳಿದರೆ ತಪ್ಪಿಲ್ಲ.

ಹೋಬಳಿಯ ಮೈದಾನಕ್ಕೆ ಬೇಕಾದದ್ದು

ಕೋಲಾರದ ನೆಲ ಒಲಿಂಪಿಕ್ಸ್‌ಗೆ ಹೊಸದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ 1940ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ಕಾಲದ ಓಟಗಾರರು ಮಣ್ಣಿನ ಟ್ರ್ಯಾಕ್‌ಗಳಲ್ಲೇ ಓಡಿ ಮೇಲೆ ಬಂದವರು. ಓಟಗಾರನಿಗೆ ಅದು ಸಾಧ್ಯ. ಸಮತಟ್ಟಾದ ನೆಲ, ಒಂದು ಸ್ಟಾಪ್‌ವಾಚ್, ತಿದ್ದುವ ಗುರು ಇದ್ದರೆ ಹಳ್ಳಿಯಲ್ಲೇ ಅರ್ಧ ದಾರಿ ನಡೆಯಬಹುದು.

ಎತ್ತರ ಜಿಗಿತದ ಹುಡುಗಿಗೆ ಅಷ್ಟು ಸಾಲದು. ಎತ್ತರದ ಕಾಲು, ಚುರುಕಾದ ಮೈ, ಹೆದರದ ಮನಸ್ಸು ಎಲ್ಲ ಇದ್ದರೂ ಹೋಬಳಿಯಲ್ಲಿ, ತಾಲ್ಲೂಕಿನಲ್ಲಿ ಮರಳಿಗೇ ಹಾರಬೇಕಾದ ತನಕ ಆಕೆ ಕತ್ತರಿ ಜಿಗಿತವನ್ನೇ ಹಾರಬೇಕು. ಅದು ವ್ಯರ್ಥವಲ್ಲ, ನಿಜ. ಓಟದ ತಿರುವು, ಒಂಟಿ ಕಾಲಿನ ಚಿಮ್ಮುವಿಕೆ ಕಲಿಸಲು ಈಗಲೂ ತರಬೇತುದಾರರು ಕತ್ತರಿ ಜಿಗಿತದಿಂದಲೇ ಶುರು ಮಾಡುತ್ತಾರೆ. ಆದರೆ ಅಲ್ಲಿಂದ ಮುಂದಕ್ಕೆ ಬೆನ್ನು ಕೊಟ್ಟು ಹಾರುವುದನ್ನು ಕಲಿಯಲು ಬೇಕಾದದ್ದು ಮೆತ್ತನೆಯ ಹಾಸು. ದೊಡ್ಡ ಕೂಟಗಳಿಗೆ ಅಂತರರಾಷ್ಟ್ರೀಯ ನಿಯಮ ಕೇಳುವುದು ಕನಿಷ್ಠ ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 70 ಸೆಂಟಿಮೀಟರ್ ದಪ್ಪದ ಹಾಸು. ಒಂದು ಪುಟ್ಟ ಕೋಣೆಯಷ್ಟು ಜಾಗ. ಮಳೆಗೆ ನೆನೆಯದಂತೆ, ಇಲಿ ಕಡಿಯದಂತೆ ಕಾಪಾಡಲು ಒಂದು ಸೂರು.

ಹತ್ತು ಹನ್ನೆರಡು ವರ್ಷಕ್ಕೆ ಈ ಹಾಸಿನ ಮೇಲೆ ಬೀಳಲು ಕಲಿತವಳಿಗೂ, ರಾಜ್ಯಮಟ್ಟಕ್ಕೆ ಬಂದಾಗ ಹದಿನೇಳಕ್ಕೆ ಮೊದಲ ಸಲ ಅದನ್ನು ಕಂಡವಳಿಗೂ ಇರುವ ಅಂತರ ಐದಾರು ವರ್ಷ. ಆ ವರ್ಷಗಳನ್ನು ಆಮೇಲೆ ಯಾವ ಶಿಬಿರವೂ ಮರಳಿ ಕೊಡಲಾರದು. ಬೋಸ್ತಿಯ ಹುಡುಗಿಗೆ ಹುಲ್ಲಿನ ಚೀಲ ಜೋಡಿಸಿಕೊಡುವವರು ಸಿಕ್ಕಿದರು, ಬ್ರಿಲ್‌ಗೆ ಫೋಮ್ ತುಂಡು ಜೋಡಿಸುವ ಅಪ್ಪ ಸಿಕ್ಕರು. ಯಾರೂ ಸಿಗದ ಹುಡುಗಿಯರ ಹೆಸರು ಯಾವ ದಾಖಲೆಯಲ್ಲೂ ಬರುವುದಿಲ್ಲ. ಎಂಟು ವರ್ಷಕ್ಕೆ ಒಂದು ಸೆಂಟಿಮೀಟರ್ ಏಕೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಅವರ ಬಳಿಯೇ ಇದೆ.

ಸಹನಾ ಕುಮಾರಿ ಅವರ 1.92 ಮೀಟರ್ ಎಂದಾದರೊಂದು ದಿನ ಅಳಿಯಲೇಬೇಕು. ದಾಖಲೆಗಳು ಇರುವುದೇ ಅಳಿಯುವುದಕ್ಕೆ. ಅದನ್ನು ಅಳಿಸುವವಳು ಹರಿಯಾಣದವಳೋ, ಕೇರಳದವಳೋ, ಹುತ್ತೂರು ಕಡೆಯ ಯಾವುದೋ ಸರ್ಕಾರಿ ಶಾಲೆಯವಳೋ ಎಂಬುದು ಆಕೆ ಎಷ್ಟು ಎತ್ತರ ಹಾರಬಲ್ಲಳು ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಹಾರಿದವಳು ಬೀಳುವ ಕಡೆ ಮೊದಲೇ ಯಾರು ಏನು ಹಾಸಿಟ್ಟಿದ್ದಾರೆ ಎಂಬುದರ ಮೇಲೂ ನಿಂತಿದೆ.